ವೆಲ್ಸ್ ಕಾದಂಬರಿಯನ್ನು ಕನ್ನಡ ಕಾಮಿಕ್ಸ್ ಆಗಿಸುವ ಬಗ್ಗೆ
ನಮಸ್ಕಾರ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಥೆಯಾದ, ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯನ್ನು ಚಿಕ್ಕಮಗಳೂರಿನ ಕಥೆಯಾಗಿ ಚಿತ್ರಿಸಲು ಅನುಮತಿ ಬೇಕೇ, ಅದರ ದೀರ್ಘ ನಿರೂಪಣೆಯನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ವೆಲ್ಸ್ 1946ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಕೃತಿಸ್ವಾಮ್ಯವು ಲೇಖಕರ ಮರಣಾನಂತರ 60 ವರ್ಷ ಮಾತ್ರ ಇರುವುದರಿಂದ ಮೂಲ ಕೃತಿಗೆ ಇಲ್ಲಿ ಅನುಮತಿ ಬೇಕಿಲ್ಲ, ಆದರೆ ಈಚಿನ ಅನುವಾದವೊಂದನ್ನು ಆಧರಿಸುವುದಾದರೆ ಅದರ ಹಕ್ಕುದಾರರ ಒಪ್ಪಿಗೆ ಪಡೆಯಲೇಬೇಕು.

ನಿಜವಾದ ಕಷ್ಟ ನಿರೂಪಣೆಯದು. ಮಂಗಳ ಗ್ರಹದವರ ಮೂರು ಕಾಲಿನ ಯಂತ್ರ ಎಷ್ಟು ಎತ್ತರವೆಂದು ಬರೆಯುವ ಬದಲು, ಪುಟದುದ್ದದ ಒಂದೇ ಚೌಕಟ್ಟಿನಲ್ಲಿ ಅದರ ಕಾಲುಗಳ ನಡುವೆ ಹೆಂಚಿನ ಮನೆಗಳನ್ನು ಪುಟ್ಟದಾಗಿ ಬಿಡಿಸಿ. ನಿರೂಪಕನ ಭಯ ಮತ್ತು ಒಂಟಿತನಕ್ಕೆ ಮಾತ್ರ ಅವನ ಮಾತುಗಳನ್ನು ಉಳಿಸಿಕೊಳ್ಳಿ. ಮುಳ್ಳಯ್ಯನಗಿರಿಯ ಮಂಜಿನೊಳಗಿಂದ ಆ ಯಂತ್ರ ಮೊದಲ ಬಾರಿ ಎದ್ದು ಬರುವ ಪುಟದಲ್ಲಿ ದಯವಿಟ್ಟು ಒಂದಕ್ಷರವನ್ನೂ ಬರೆಯಬೇಡಿ.