ಹಳೇ ಪೇಪರ್ ಕೂಡಿಡಲಿ ಬಿಡಿ

ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ನೀವು ಬರೆದ ಪತ್ರ ಓದಿದೆ. ಮಗಳು ಎರಡು ವರ್ಷದ ಕಮ್ಯೂನಿಟಿ ಕಾಲೇಜು ಸೇರಿದ್ದಾಳೆ, ಬಿಡುವು ಸಿಕ್ಕರೆ ಊರಿನ ಹಳೇ ಫೋಟೊ, ಹಳೇ ಪೇಪರ್ ಅಂತ ಓಡಾಡುತ್ತಾಳೆ, ಬೆಂಗಳೂರಿನ ನೆಂಟರು ಯಾವ ಯೂನಿವರ್ಸಿಟಿ ಅಂತ ಫೋನಿನಲ್ಲಿ ಕೇಳಿದರೆ ಮಾತು ಬದಲಿಸಬೇಕಾಗುತ್ತದೆ ಅಂತ ಬರೆದಿದ್ದೀರಿ. ಇದರಿಂದ ಮುಂದೆ ಏನಾಗುತ್ತದೆ ಅನ್ನೋದು ನಿಮ್ಮ ಪ್ರಶ್ನೆ.

ನೀವಿರುವ ಕಡೆಯೇ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಳಿದ ಒಬ್ಬರ ವಿಷಯ ಹೇಳುತ್ತೇನೆ. ಹೆಸರು ಹಿಮ್ ಮಾರ್ಕ್ ಲೈ. 1925ರಲ್ಲಿ ಹುಟ್ಟಿದ್ದು. ಓದಿದ್ದು ಸ್ಯಾನ್ ಫ್ರಾನ್ಸಿಸ್ಕೊ ಜೂನಿಯರ್ ಕಾಲೇಜಿನಲ್ಲಿ. ಈಗಿನ ಸಿಟಿ ಕಾಲೇಜು ಅದೇ, ನಿಮ್ಮ ಮಗಳದರ ಹಾಗೆ ಅದೂ ಎರಡು ವರ್ಷದ ಕಾಲೇಜು. ಅಲ್ಲಿಂದ ಬರ್ಕ್ಲಿ ಯೂನಿವರ್ಸಿಟಿಗೆ ಹೋಗಿ 1947ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಆಮೇಲೆ ಬೆಕ್ಟೆಲ್ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ಇತಿಹಾಸದ ಪದವಿ ಅವರ ಹತ್ತಿರ ಇರಲೇ ಇಲ್ಲ. ಆದರೂ ಅಮೆರಿಕದ ಚೀನೀಯರ ಇತಿಹಾಸ ಅಂದರೆ ಇವತ್ತಿಗೂ ಮೊದಲು ಬರುವ ಹೆಸರು ಅವರದೇ.

ಅವರ ಹೆಸರಿನಲ್ಲೇ ಒಂದು ಕಥೆ ಇದೆ. ಚೀನೀ ಕೂಲಿಕಾರರು ಬರದ ಹಾಗೆ ಅಮೆರಿಕ 1882ರಲ್ಲೇ ಕಾನೂನು ಮಾಡಿತ್ತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆದ ಭೂಕಂಪ, ಅದರ ಹಿಂದೆಯೇ ಬಂದ ಬೆಂಕಿಯಲ್ಲಿ ಊರಿನ ಜನನ ದಾಖಲೆಗಳು ಸುಟ್ಟುಹೋದವು. ಅಮೆರಿಕದಲ್ಲಿ ಹುಟ್ಟಿದವರು ಅಲ್ಲಿನ ಪ್ರಜೆಗಳು, ಅವರ ಮಕ್ಕಳಿಗೂ ಒಳಗೆ ಬರಲು ಹಕ್ಕಿತ್ತು. ಆಮೇಲೆ ಎಷ್ಟೋ ಚೀನೀಯರು ತಾವು ಇಲ್ಲೇ ಹುಟ್ಟಿದವರು ಅಂತ ಬರೆಸಿದರು, ಚೀನಾದಲ್ಲಿ ಇಷ್ಟು ಜನ ಗಂಡುಮಕ್ಕಳಿದ್ದಾರೆ ಅಂತಲೂ ಬರೆಸಿದರು, ಆ ಇಲ್ಲದ ಮಕ್ಕಳ ಹೆಸರುಗಳನ್ನು ದುಡ್ಡು ಕೊಟ್ಟು ಕೊಂಡವರು ಆ ಹೆಸರಿನಲ್ಲೇ ಹಡಗು ಹತ್ತಿದರು. ಅಂಥವರಿಗೆ 'ಕಾಗದದ ಮಗ' ಅಂತಲೇ ಹೆಸರು. ಲೈ ಅವರ ಅಪ್ಪ ಬಂದಿದ್ದೂ ಹಾಗೇ. ಲೈ ಅನ್ನೋದು ಕಾಗದದ ಮನೆತನ. ನಿಜವಾದ ಮನೆತನ ಮಾರ್ಕ್. ಮಗನಿಗೆ ಹೆಸರಿಡುವಾಗ ಅದನ್ನು ನಡುವೆ ಸೇರಿಸಿ ಉಳಿಸಿಕೊಂಡರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಹಳೇ ಕಾಗದದ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅಲ್ವಾ?

ಆಫೀಸು ಮುಗಿದ ಮೇಲೆ, ರಜೆಯ ದಿನಗಳಲ್ಲಿ ಅವರು ಚೀನೀ ಪತ್ರಿಕೆಗಳನ್ನು ಓದಿ ಕತ್ತರಿಸಿ ಇಟ್ಟರು, ಸಂಘಗಳ ಕಾಗದಪತ್ರ ಕೂಡಿಹಾಕಿದರು. ಚಿಕ್ಕಂದಿನಲ್ಲಿ ಸ್ಕೂಲ್ ಬಿಟ್ಟ ಮೇಲೆ ಚೀನೀ ಶಾಲೆಗೂ ಹೋಗುತ್ತಿದ್ದರು. ಅದೇ ಮುಂದೆ ಕೈ ಹಿಡಿಯಿತು. ಬರೀ ಇಂಗ್ಲಿಷ್ ಗೊತ್ತಿದ್ದ ವಿದ್ವಾಂಸರಿಗೆ ಓದಲಾಗದ್ದು ಇವರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. 1969ರಲ್ಲಿ ಫಿಲಿಪ್ ಚಾಯ್ ಜೊತೆ ಸೇರಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಚೀನೀ ಅಮೆರಿಕನ್ನರ ಇತಿಹಾಸ ಪಾಠ ಮಾಡಿದರು. ಊರವರಿಗಾಗಿ ಕ್ಯಾಂಟನೀಸ್ ಎಂಬ ಚೀನೀ ಭಾಷೆಯಲ್ಲಿ ರೇಡಿಯೊ ಕಾರ್ಯಕ್ರಮ ನಡೆಸಿದರು. ಚೀನೀ ಇತಿಹಾಸ ಸಂಘಕ್ಕೆ ಅಧ್ಯಕ್ಷರಾಗಿ ದುಡಿದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಏಂಜೆಲ್ ಐಲ್ಯಾಂಡ್ ಕೆಲಸ. ಅದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಒಂದು ದ್ವೀಪ, ಹಡಗಿನಲ್ಲಿ ಬಂದ ವಲಸೆಗಾರರನ್ನು ತಪಾಸಣೆ ಮಾಡುವ ಠಾಣೆ ಅಲ್ಲಿತ್ತು. 1910ರಿಂದ 1940ರವರೆಗೆ, ಬಂದಿಳಿದವರನ್ನು ಅಲ್ಲಿ ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದರು. ನಮ್ಮ ದೇಶದವರೂ ಇದ್ದರು, ಹೆಚ್ಚಾಗಿ ಪಂಜಾಬಿನವರು. ಮರದ ಗೋಡೆಗಳ ಮೇಲೆ ಚೀನೀಯರು ಪದ್ಯ ಕೆತ್ತಿದ್ದರು. ಕಟ್ಟಡ ಕೆಡವಬೇಕು ಅಂತಿದ್ದಾಗ, 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಪಾರ್ಕ್ ರೇಂಜರ್ ಕಣ್ಣಿಗೆ ಅವು ಬಿದ್ದವು. ಸಮುದಾಯದವರು ಹಿಡಿದ ಪಟ್ಟು ಬಿಡದೆ ಕಟ್ಟಡ ಉಳಿಸಿಕೊಂಡರು. ಲೈ, ಜೆನ್ನಿ ಲಿಮ್, ಜೂಡಿ ಯಂಗ್ ಮೂವರೂ ಕೂತು ಪದ್ಯಗಳನ್ನು ಇಂಗ್ಲಿಷಿಗೆ ತಂದು, ಅಲ್ಲಿದ್ದು ಬಂದವರನ್ನು ಮಾತಾಡಿಸಿ 1980ರಲ್ಲಿ ಪುಸ್ತಕ ಮಾಡಿದರು. ಆ ಮುದುಕರು ತಮ್ಮ ಮಕ್ಕಳಿಗೂ ಹೇಳದೆ ಮುಚ್ಚಿಟ್ಟಿದ್ದ ವಿಷಯ ಅದು. ನೆನೆದರೆ ಈಗಲೂ ಮನಸ್ಸು ಕಲಕುತ್ತದೆ.

ಹೊಟ್ಟೆಪಾಡಿಗೆ ಏನು ಅನ್ನುವ ನಿಮ್ಮ ಚಿಂತೆ ನ್ಯಾಯವೇ. ಲೈ ಕೂಡ ಮೂವತ್ತು ವರ್ಷದಷ್ಟು ಸಂಬಳದ ಕೆಲಸ ಮಾಡಿಕೊಂಡೇ ಇದನ್ನೆಲ್ಲ ಮಾಡಿದರು. ನಿಮ್ಮ ಮಗಳೂ ಒಂದು ಕಸುಬು ಕಲಿಯಲಿ. ಆದರೆ ಈ ಹುಚ್ಚು ಬಿಡಿಸಬೇಡಿ, ನೆಂಟರಿಗೆ ಕಾಲೇಜಿನ ಹೆಸರು ಧಾರಾಳವಾಗಿ ಹೇಳಿ.

ಲೈ 2009ರಲ್ಲಿ ತೀರಿಕೊಂಡರು. ಚೈನಾಟೌನ್‌ನ ಪೊವೆಲ್ ಬೀದಿಯ ಸಾರ್ವಜನಿಕ ಲೈಬ್ರರಿಗೆ ಈಗ ಅವರ ಹೆಸರಿದೆ. ಒಂದು ಶನಿವಾರ ಮಗಳ ಜೊತೆ ನೀವೂ ಹೋಗಿ ಬನ್ನಿ. ಅವಳಿಗೆ ಕನ್ನಡ ಓದಲು ಬರುತ್ತದೆ ಅಂತ ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಬರೆದಿದ್ದೀರಲ್ಲ, ನಾನು ಎರಡು ಸಲ ಓದಿದ್ದು ಅದನ್ನೇ. ನಿಮ್ಮ ಕಡೆಯ ಕನ್ನಡ ಕೂಟಗಳ ಹಳೇ ಆಹ್ವಾನ ಪತ್ರಿಕೆ, ನಾಟಕದ ಫೋಟೊ, ಮೊದಲು ಬಂದವರು ಊರಿಗೆ ಬರೆದ ಕಾಗದ, ಇವೆಲ್ಲ ಯಾರ ಗ್ಯಾರೇಜಿನಲ್ಲಿವೆ? ಹುಡುಕಲು ಹೇಳಿ. ಸಿಕ್ಕಿದ್ದರ ಬಗ್ಗೆ ಎರಡು ಪುಟ ಬರೆದು ಕಳಿಸಲಿ. ಪತ್ರಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ