ನೇಮಕಾತಿ ಪತ್ರವಿಲ್ಲದ ಪೇಂಟರ್ ಸಾರುವೆಯಿಂದ ಬಿದ್ದರೆ ಪರಿಹಾರ ಸಿಗುವುದೇ?

ಹೆಬ್ಬಾಳದ ಹತ್ತಿರ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಪುಟ್ಟಿ ಹಾಕುತ್ತಿದ್ದ ನಿಮ್ಮ 30 ವರ್ಷದ ತಮ್ಮ 2024ರಲ್ಲಿ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರೆಂದೂ, ದಿನಗೂಲಿಯವರಿಗೆ ಪರಿಹಾರವಿಲ್ಲವೆಂದು ಗುತ್ತಿಗೆದಾರರು ಹೇಳಿದರೆಂದೂ ಬರೆದಿದ್ದೀರಿ. ಅವರ ಮಾತು ತಪ್ಪು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ನೇಮಕಾತಿ ಪತ್ರ ಕೇಳುವುದಿಲ್ಲ. ಕೆಲಸದಲ್ಲಿದ್ದಾಗ, ಆ ಕೆಲಸದ ಕಾರಣದಿಂದಲೇ ಪೆಟ್ಟಾಯಿತೇ ಎಂದಷ್ಟೇ ಕೇಳುತ್ತದೆ. ನೋಡಿಕೊಳ್ಳದೆ ಬಿದ್ದನೆಂಬ ನೆಪವೂ ಅಲ್ಲಿ ನಡೆಯದು. ಗುತ್ತಿಗೆದಾರರು ಕೈಚೆಲ್ಲಿದರೂ, ಕಟ್ಟಡ ಕಟ್ಟುವುದನ್ನೇ ವ್ಯವಹಾರ ಮಾಡಿಕೊಂಡ ಬಿಲ್ಡರ್ 12ನೇ ಕಲಮಿನಂತೆ ಹೊಣೆ ಹೊರಬೇಕಾಗುತ್ತದೆ.

ನನ್ನ ಅಣ್ಣನೂ ಪೇಂಟರ್. ಕೆಲವು ವರ್ಷಗಳ ಹಿಂದೆ ಪೀಣ್ಯದಲ್ಲಿ ಬಿದ್ದಾಗ ಮೇಸ್ತ್ರಿಯೇ ಆಸ್ಪತ್ರೆಗೆ ಕರೆದೊಯ್ದು, ಮನೆಯ ಮೆಟ್ಟಿಲಿನಿಂದ ಜಾರಿದನೆಂದು ಬರೆಸಿಬಿಟ್ಟಿದ್ದರು. ನಾನು ಓಡಿಹೋದಾಗ ಅಣ್ಣನ ಉಗುರಿನ ಸಂದಿಯಲ್ಲಿ ಪುಟ್ಟಿ ಇನ್ನೂ ಹಸಿಯಾಗಿತ್ತು. ಚೀಟಿಯಲ್ಲಿದ್ದದ್ದು ಮಾತ್ರ ಮೆಟ್ಟಿಲು. ಆ ಒಂದು ಸಾಲು ಸುಳ್ಳೆಂದು ತೋರಿಸಲು ನಾವು ತಿಂಗಳುಗಟ್ಟಲೆ ಅಲೆದೆವು. ಕೊನೆಗೆ ಕೈಹಿಡಿದದ್ದು, ಶನಿವಾರದ ಬಟವಾಡೆಯನ್ನು ಮೇಸ್ತ್ರಿ ಫೋನ್‌ಪೇಯಲ್ಲಿ ಕಳಿಸಿದ್ದ ದಾಖಲೆ ಮತ್ತು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರ ಸಾಕ್ಷ್ಯ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲ ದಿನ ಏನು ಬರೆಸಿದ್ದಾರೆಂಬುದನ್ನು ದಯವಿಟ್ಟು ಎಲ್ಲಕ್ಕಿಂತ ಮೊದಲು ನೋಡಿ, ಅದರ ಪ್ರತಿ ಪಡೆಯಿರಿ. ಹಣ ಬಂದ ಸಂದೇಶಗಳನ್ನೂ ಕೆಲಸದ ಜಾಗದ ಫೋಟೋಗಳನ್ನೂ ಅಳಿಸಬೇಡಿ.

ಮೊತ್ತದ ಲೆಕ್ಕ ಹೀಗಿದೆ. ತಿಂಗಳ ಕೂಲಿ ಎಷ್ಟೇ ಇದ್ದರೂ 2020ರಿಂದ ಈ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂಪಾಯಿ. ಅದರ ಶೇ. 60, ಅಂದರೆ 9,000ವನ್ನು, 30ರ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿರುವ 207.98ರಿಂದ ಗುಣಿಸಿದರೆ 18,71,820 ಆಗುತ್ತದೆ. ದುಡಿಯುವ ಶಕ್ತಿ ಶೇ. 20ರಷ್ಟು ಶಾಶ್ವತವಾಗಿ ಕುಗ್ಗಿದೆಯೆಂದು ತೀರ್ಮಾನವಾದರೆ ಇದರ ಶೇ. 20, ಎಂದರೆ 3,74,364 ರೂಪಾಯಿ ಬರಬೇಕು. ಚಿಕಿತ್ಸೆಯ ಖರ್ಚು ಬೇರೆ. ಹಾಗಾಗಿ ವೈದ್ಯರು ಮೂಳೆ ಕೂಡಿದೆಯೆಂದಷ್ಟೇ ಬರೆದರೆ ಸಾಲದು. ಏಣಿ ಹತ್ತಲಾಗದ ಪೇಂಟರ್‌ಗೆ ಉಳಿಯುವ ಕೆಲಸ ಎಷ್ಟೆಂಬುದನ್ನು ಅವರಿಗೆ ಬಿಡಿಸಿ ಹೇಳಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇಲ್ಲದಿದ್ದರೂ ಈ ಹಕ್ಕಿಗೆ ಅಡ್ಡಿಯಿಲ್ಲ. ಆದರೆ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ತಡವಾಗಿದ್ದರೆ ತಕ್ಕ ಕಾರಣ ತೋರಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಡಿ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಾಗದಗಳೊಂದಿಗೆ ಈ ವಾರವೇ ಹೋಗಿ, ಕಡಿಮೆ ಆದಾಯದವರಿಗೆ ಉಚಿತವಾಗಿ ಕೊಡುವ ವಕೀಲರನ್ನು ಕೇಳಿ.