ಹೊಲಿಗೆ ತರಬೇತಿಗಿಂತ ಮೊದಲು ಸಂಜೆ ಬಸ್ಸು ನೋಡಿ

ಹೊಲಿಗೆ, ಬ್ಯೂಟಿಷಿಯನ್, ಕಂಪ್ಯೂಟರ್, ಈ ಮೂರರಲ್ಲಿ ಯಾವ ತರಬೇತಿ ಕೊಡಿಸಿದರೆ ನಮ್ಮೂರಿನ ಹೆಂಗಸರಿಗೆ ಒಳ್ಳೆ ಕೆಲಸ ಸಿಗುತ್ತೆ, ನಮ್ಮ ಕ್ಲಬ್ ಮೀಟಿಂಗಿನಲ್ಲಿ ತೀರ್ಮಾನ ಮಾಡಬೇಕು ಅಂತ ಕೇಳಿದ್ದೀರಿ. ಓದಿದ ಕೂಡಲೇ 2016 ನೆನಪಾಯಿತು. ಆಗ ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಇಂಥದೇ ಸೇವಾ ಕ್ಲಬ್‌ನ ಕಾರ್ಯದರ್ಶಿ.

ನಾವು ಹೊಲಿಗೆಯನ್ನೇ ಹಿಡಿದೆವು. ಮೂರು ತಿಂಗಳು ಕಲಿಸಿದೆವು. ಹೈವೇ ಪಕ್ಕದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನೇ ಓಡಾಡಿ 11 ಜನಕ್ಕೆ ಕೆಲಸ ಕೊಡಿಸಿದೆ. ವಾರದ ಮೀಟಿಂಗಿಗೆ ಅವರನ್ನು ಕರೆಸಿ, ಸಾಲಾಗಿ ನಿಲ್ಲಿಸಿ, ಆರ್ಡರ್ ಕೈಗೆ ಕೊಟ್ಟು ಫೋಟೋ ತೆಗೆಸಿದೆವು. ಎರಡೇ ತಿಂಗಳಲ್ಲಿ 9 ಜನ ಕೆಲಸ ಬಿಟ್ಟಿದ್ದರು.

ತಪ್ಪು ನನ್ನದು. ಸಂಬಳ ಕೇಳಿದ್ದೆ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ವಿಚಾರಿಸಿದ್ದೆ. ಶೌಚಾಲಯದ ಒಳಗೂ ಹೋಗಿ ನೋಡಿದ್ದೆ. ಬಸ್ ಮಾತ್ರ ಹತ್ತಿರಲಿಲ್ಲ. ಆ ಫ್ಯಾಕ್ಟರಿಗೆ ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಅಧ್ಯಕ್ಷರ ಕಾರಿನಲ್ಲಿ, ಅದೂ ಮಧ್ಯಾಹ್ನದ ಹೊತ್ತು. ಬರೀ 35 ನಿಮಿಷದ ದಾರಿ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಶಿಫ್ಟ್ ಬಿಡೋದು 5.30ಕ್ಕೆ. ಗೇಟಿನಲ್ಲಿ ಬ್ಯಾಗ್ ಚೆಕ್ ಮುಗಿಸಿ ಹೊರಗೆ ಬರುವಾಗ 5.45. ಅಲ್ಲಿಂದ ಕ್ರಾಸ್‌ವರೆಗೆ ನಡೆಯಬೇಕು. ಎಕ್ಸ್‌ಪ್ರೆಸ್ ಬಸ್ಸುಗಳು ಕ್ರಾಸ್‌ನಲ್ಲಿ ನಿಲ್ಲಲ್ಲ. ನಿಲ್ಲುವ ಬಸ್ಸು 6 ಗಂಟೆದು, ಅದು ತಪ್ಪಿದರೆ 7.30. ತಾಲ್ಲೂಕು ಬಸ್‌ಸ್ಟ್ಯಾಂಡ್ ಸೇರೋ ಹೊತ್ತಿಗೆ ಅವರ ಹಳ್ಳಿಯ ಕೊನೆ ಬಸ್ಸು ಹೊರಟುಹೋಗಿರುತ್ತಿತ್ತು. ಆಮೇಲೆ ಆಟೋಗೆ 80 ರೂಪಾಯಿ. ದಿನದ ಸಂಬಳ 300 ರೂಪಾಯಿಯೂ ಇರಲಿಲ್ಲ.

ಮೊದಲೇ ಕೇಳಬಹುದಿತ್ತಲ್ವಾ ಅನ್ನಬಹುದು. ಕೇಳಿದ್ದೆ. "ಹೋಗಿ ಬರೋದು ಕಷ್ಟ ಆಗಲ್ವಾ?" ಅಂತ ಮೀಟಿಂಗಿನಲ್ಲೇ, ಮೈಕ್ ಹಿಡಿದು. ಎಲ್ಲರೂ "ಇಲ್ಲ ಮೇಡಂ" ಅಂದರು. ಎದುರಿಗೆ ದೊಡ್ಡವರೆಲ್ಲ ಕೂತಿರುವಾಗ ಇನ್ನೇನು ಹೇಳುತ್ತಾರೆ?

ನಿಜ ಗೊತ್ತಾಗಿದ್ದು ಕೆಲಸ ಬಿಟ್ಟವಳೊಬ್ಬಳ ಮನೆಗೆ ಹೋದಾಗ. ಅವಳು ಬೈಯಲಿಲ್ಲ, ಟೀ ಕೊಟ್ಟಳು. ಕಂಪನಿ ಐಡಿ ಕಾರ್ಡು ಇನ್ನೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. "ಕೆಲಸ ಕಷ್ಟ ಇರಲಿಲ್ಲ ಅಕ್ಕ. ಕತ್ತಲಲ್ಲಿ ಆ ಕ್ರಾಸ್‌ನಲ್ಲಿ ನಿಂತ್ಕೊಳೋಕೆ ಆಗ್ಲಿಲ್ಲ. ಊರಲ್ಲಿ ಒಂದು ಮಾತು ಬಂದ್ರೆ ಮನೇಲಿ ಬಿಡ್ತಾರಾ?" ಅಂದಳು. ಕೆಲಸಕ್ಕೆ ಹೋಗೋದಲ್ವಾ ಅಂತ ಸಂಘದಲ್ಲಿ 6,000 ಸಾಲ ಮಾಡಿ ಎರಡು ಸೀರೆ, ಚಪ್ಪಲಿ, ಒಂದು ಮೊಬೈಲ್ ತಗೊಂಡಿದ್ದಳು. ಆ ಸಾಲವನ್ನು ಕಬ್ಬಿನ ಗದ್ದೆ ಕೂಲಿಗೆ ಹೋಗಿ ತೀರಿಸುತ್ತಿದ್ದಳು. ಮುಂದಿನ ವರ್ಷ ಅದೇ ಹಳ್ಳಿಯಲ್ಲಿ ನಾನು ಸಭೆ ಕರೆದರೆ ಇಬ್ಬರು ಬಂದರು.

2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿದಿದೆ. ತುಂಬಾ ಒಳ್ಳೆಯದಾಯಿತು. ಆದರೆ ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ?

ಅದಕ್ಕೇ ಯಾವ ತರಬೇತಿ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಲಿಸೋದು ಕ್ಲಬ್‌ನ ಕೆಲಸ ಅಲ್ಲ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಅನ್ನೋ ಸ್ವ ಉದ್ಯೋಗ ತರಬೇತಿ ಸಂಸ್ಥೆ ಶುರುವಾಯಿತು. ಅದೇ ಮಾದರಿಯ ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರಗಳನ್ನು ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುತ್ತಿವೆ. ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಾರೆ. ಸ್ವಂತ ಉದ್ಯೋಗ ಮಾಡುವ ಆಸೆ ಇರುವವರನ್ನು ಅಲ್ಲಿಗೆ ಕಳಿಸಿ.

ಕ್ಲಬ್‌ಗೆ ಮಾತ್ರ ಸಾಧ್ಯ ಇರುವ ಕೆಲಸ ಬೇರೆ ಇದೆ. ನಿಮ್ಮ ಮೀಟಿಂಗಿನಲ್ಲಿ ಕೂತಿರೋರು ಯಾರು ನೋಡಿ. ನರ್ಸಿಂಗ್ ಹೋಂ ಡಾಕ್ಟರು, ಆಡಿಟರು, ರೈಸ್ ಮಿಲ್ಲಿನವರು, ಪೆಟ್ರೋಲ್ ಬಂಕಿನವರು. ಊರಲ್ಲಿ ಕೆಲಸ ಕೊಡೋರೆಲ್ಲ ಅಲ್ಲೇ ಇದ್ದಾರೆ! ನಿಮ್ಮಲ್ಲಿ ಎಷ್ಟು ಹೆಂಗಸರಿದ್ದಾರೆ, ಗಂಡಸರು ಹೆಂಗಸರು ಸೇರಿ ಒಟ್ಟು 20 ಕೆಲಸಗಾರರು ಇದ್ದರೆ ಪಿಎಫ್ ಕಟ್ಟುತ್ತಿದ್ದೀರಾ, ಒಟ್ಟು 10 ಜನ ಇದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಮಾಡಿದ್ದೀರಾ ಅಂತ ಅವರನ್ನೇ ಕೇಳಿ. ಪಿಎಫ್ ಅಷ್ಟು ಮುಖ್ಯನಾ ಅಂತ ಯಾರಾದರೂ ಅಂದರೆ ಒಂದು ನೆನಪಿಸಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಜನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ನಾನು ಮಾರನೇ ವರ್ಷ ಹಾಗೇ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಡಾಕ್ಟರೊಬ್ಬರು ತಮ್ಮ ಆಸ್ಪತ್ರೆಯಲ್ಲಿ ಬಿಲ್ಲಿಂಗಿಗೆ, ಔಷಧಿ ಅಂಗಡಿಗೆ ಮೂವರನ್ನು ತಗೊಂಡರು. ಬೆಳಿಗ್ಗೆ 9.30ರಿಂದ ಸಂಜೆ 5. ಅವತ್ತು ಟೀ ಕೊಟ್ಟವಳು ಅವರಲ್ಲಿ ಒಬ್ಬಳು. ಇನ್ನೂ ಅಲ್ಲೇ ಇದ್ದಾಳೆ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಯಾವುದಾದರೂ ಫ್ಯಾಕ್ಟರಿ ನೋಡಿಟ್ಟಿದ್ದರೆ, ಈ ವಾರ ಶಿಫ್ಟ್ ಬಿಡುವ ಹೊತ್ತಿಗೆ ಅದರ ಗೇಟಿನಿಂದ ಆ ಹೆಂಗಸರ ಹಳ್ಳಿಯವರೆಗೆ ಬಸ್ಸಿನಲ್ಲೇ ಒಂದು ಸಲ ಹೋಗಿ ಬನ್ನಿ. ಕಾರು ಬೇಡ.